ಮೊಲ ಸಭ್ಯಸ್ಥನಾದ ದಿನ

ಮನೆ ಇದ್ದಕ್ಕಿದ್ದಂತೆ ಚೊಕ್ಕಟವಾಗಿ ಕಂಡರೆ ಸಂತೋಷಪಡಬೇಡಿ, ಮೊದಲು ಗಾಬರಿಯಾಗಿ! ಇದು ನಾನು ಅನುಭವದಿಂದ ಹೇಳುತ್ತಿರುವ ಮಾತು. ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟ್ರು. ವಿಜ್ಞಾನದ ಮೇಷ್ಟ್ರು ಎಂಬುದನ್ನು ಮುಚ್ಚಿಡೋಣವೆಂದಿದ್ದೆ, ಬಾಯಿಗೆ ಬಂದುಬಿಟ್ಟಿತು. ಮಗಳು ಶಶಿ ಹಟ ಹಿಡಿದು ತಂದ ಬಿಳಿ ಮೊಲದ ಹೆಸರು ಹತ್ತಿ. ಅದನ್ನು ಮುದ್ದಾಡುವುದು ಶಶಿಯ ಪಾಲು, ಸೊಪ್ಪು ಹಾಕುವುದು ಹೆಂಡತಿ ಸರೋಜಳ ಪಾಲು, ಬೆಳಿಗ್ಗೆ ಎದ್ದು ಹಿಕ್ಕೆ ಗುಡಿಸುವುದು ನನ್ನ ಪಾಲು. ಮಂಚದ ಕೆಳಗೆ, ರೇಡಿಯೊ ಹಿಂದೆ, ಒಮ್ಮೆ ನನ್ನ ಚಪ್ಪಲಿಯ ಮೇಲೂ ಹಿಕ್ಕೆ!

ಅವತ್ತು ಪೊರಕೆ ಹಿಡಿದು ಬಂದರೆ ನೆಲದ ಮೇಲೆ ಒಂದೇ ಒಂದು ಹಿಕ್ಕೆಯಿಲ್ಲ. "ಲೇ ಸರೋಜಾ, ಬಾ ಇಲ್ಲಿ! ನಮ್ ಹತ್ತಿ ಸಭ್ಯಸ್ಥ ಆಗ್ಬುಟ್ಟದೆ ಕಣೇ!" ಎಂದು ಕೂಗಿದೆ. ಮೊಲ ಮೂಲೆಯಲ್ಲಿ ಮುದುರಿ ಕೂತಿತ್ತು, ಅದನ್ನು ವಿನಯವೆಂದುಕೊಂಡೆ. ಸೊಪ್ಪು ಮೂಸಲೂ ಇಲ್ಲ, ಮಿತಾಹಾರವೆಂದುಕೊಂಡೆ. ಶಶಿ ಮುಟ್ಟಿ ನೋಡಿ ಕಿರುಚಿದಳು. "ಅಪ್ಪಾ, ಕಿವಿ ತಣ್ಣಗದೆ! ಹಲ್ಲು ಕಟಕಟ ಅಂತಾ ಅದೆ!"

ಮೊಲವನ್ನು ಟವೆಲಿನಲ್ಲಿ ಸುತ್ತಿ, ಮೂವರೂ ಸ್ಕೂಟರ್ ಏರಿ ಪಶು ಆಸ್ಪತ್ರೆಗೆ ಹಾರಿದೆವು. ಡಾಕ್ಟರು ನನ್ನ ಹಳೆಯ ಶಿಷ್ಯ. ಹೊಟ್ಟೆ ಒತ್ತಿ ನೋಡಿ, "ಮೊಲ ಮೇವು ಬುಟ್ಟು ಹಿಕ್ಕೆ ನಿಲ್ಸುದ್ರೆ ಒಂದ್ ದಿನಾನೂ ಕಾಯಂಗಿಲ್ಲ ಸಾ, ಜೀವಕ್ಕೇ ಬತ್ತದೆ. ನೆನ್ನೆ ಏನ್ ತಿನ್ಸುದ್ರಿ?" ಎಂದ.

"ಗರಿಕೆ, ಸೊಪ್ಪು, ಅಷ್ಟೇಯಾ," ಎಂದಳು ಸರೋಜ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಒಂಚೂರು ಮುದ್ದೆ," ಎಂದೆ. ಮುದ್ದೆ ಉಣ್ಣದ ಜೀವಕ್ಕೆ ಬಲವೆಲ್ಲಿಂದ ಬರಬೇಕು, ನೀವೇ ಹೇಳಿ! ಗೋಲಿ ಗಾತ್ರದ ನಾಲ್ಕು ತುತ್ತು ಕೊಟ್ಟಿದ್ದೆ, ಅದೂ ಆಸೆಯಿಂದ ತಿಂದಿತ್ತು.

"ಜೀರ್ಣಾಂಗದ ಪಾಠ ನೀವೇ ಮಾಡಿದ್ದು ಸಾ," ಎಂದ ಶಿಷ್ಯ, ಔಷಧಿ ಹನಿಸುತ್ತಾ. "ಬೆಚ್ಚಗಿಡಿ, ಹೊಟ್ಟೆ ಮೆಲ್ಲಗೆ ನೀವಿ. ಸಾಯಂಕಾಲದೊಳಗೆ ಹಿಕ್ಕೆ ಬೀಳಬೇಕು."

ಮಧ್ಯಾಹ್ನವೆಲ್ಲ ಮೊಲವನ್ನು ತೊಡೆಯ ಮೇಲಿಟ್ಟುಕೊಂಡು ನೀವುತ್ತಾ ಕೂತೆ. ಶಶಿ ನನ್ನ ಜೊತೆ ಮಾತು ಬಿಟ್ಟಿದ್ದಳು. ನನಗೆ ನಿಜಕ್ಕೂ ಭಯವಾಗಿತ್ತು. ಆ ಪುಟ್ಟ ಎದೆ ಹೊಡೆದುಕೊಳ್ಳುವುದು ಬೆರಳಿಗೆ ತಿಳಿಯುತ್ತಿತ್ತು. ಐದು ಗಂಟೆಯ ಹೊತ್ತಿಗೆ ಬಿಳಿ ಪಂಚೆಯ ಮೇಲೆ ಏನೋ ಉರುಳಿತು. "ಬಿತ್ತು! ಬಿತ್ತು ಕಣ್ರೇ!" ಎಂದು ಕೂಗಿದ ರಭಸಕ್ಕೆ ಪಕ್ಕದ ಮನೆಯ ಗೌಡರು ಓಡಿಬಂದು, "ಯಾರ್ ವಿಕೆಟ್ ಮೇಷ್ಟ್ರೇ?" ಎಂದರು. ಅಂಗೈಯಲ್ಲಿಟ್ಟು ತೋರಿಸಿದೆ. ಶಶಿ ಅಳುತ್ತಲೇ ನಕ್ಕು, "ಇನ್ನೊಂದೂ ಬಿತ್ತಪ್ಪಾ!" ಎಂದು ನನ್ನ ಕೊರಳಿಗೆ ಜೋತುಬಿದ್ದಳು.

ಮರುದಿನ ಮನೆ ತುಂಬ ಹಿಕ್ಕೆ. ಹಾಡು ಗುನುಗುತ್ತಾ ಗುಡಿಸಿದೆ. ಮೊಲದ ಗೂಡಿನ ಮೇಲೆ ಶಶಿಯ ದುಂಡು ಅಕ್ಷರದ ರಟ್ಟು ತೂಗುತ್ತಿತ್ತು: 'ಅಪ್ಪ ಏನೂ ತಿನ್ನಿಸಬಾರದು.' ನಾನು ಓದಬಲ್ಲೆ, ಹತ್ತಿ ಓದಲಾರದು. ನಾನು ಉಣ್ಣಲು ಕೂತ ತಕ್ಷಣ ಎದುರಿಗೆ ಬಂದು, ಮೂಗು ಅಲ್ಲಾಡಿಸುತ್ತಾ ಮುದ್ದೆಯನ್ನೇ ನೋಡುತ್ತಿತ್ತು. ನನ್ನ ಮೇಲೆ ನನಗೇ ನಂಬಿಕೆಯಿರಲಿಲ್ಲ. ಹಾಗಾಗಿ ಅಂದಿನಿಂದ ವಿಜ್ಞಾನದ ಮೇಷ್ಟ್ರು ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು.