ಅತ್ತೆಗೆ ‘ಈಸ್’ ಅನ್ನಬೇಕೋ, ‘ಆರ್’ ಅನ್ನಬೇಕೋ

ಇಂಗ್ಲಿಷ್ ಅನ್ನೋದು ನಮ್ಮ ಪಡಸಾಲೆಗೆ ಬಂದು ಕೂತಾಗಿನಿಂದ ಮನೆಯಲ್ಲಿ ನಗುವಿಗೆ ಬರ ಅಂತ ಬಂದದ್ದೇ ಇಲ್ಲ. ಒಂದು ತಪ್ಪಿಗೆ ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳೋದರೊಳಗೆ ಇನ್ನೊಂದು ತಪ್ಪು ಹೊಸ್ತಿಲ ಹತ್ತಿರ ಚಪ್ಪಲಿ ಬಿಡ್ತಾ ಇರುತ್ತೆ.

ನಾನಂತೂ ಶಾಲೆಗೆ ಹೋದವಳಲ್ಲ. ಓದಿದವಳು ನಮ್ಮ ಸೊಸೆ. ಭಾನುವಳ್ಳಿ ಹುಡುಗಿ, ಸಣ್ಣ ಮಕ್ಕಳಿಗೆ ಪಾಠ ಹೇಳೋ ಟ್ರೈನಿಂಗ್ ಮುಗಿಸಿಕೊಂಡೇ ನಮ್ಮ ಮನೆ ತುಂಬಿದವಳು. ಹೋದ ವರ್ಷ ಹರಿಹರದ ಒಂದು ಶಾಲೆಗೆ ಟೀಚರ್ ಕೆಲಸ ಕೇಳೋಕೆ ಹೋಗಿದ್ದಳು. ಅವರು ಇಂಗ್ಲಿಷಿನಲ್ಲಿ ಕೇಳಿದ್ದೇ ಬಾಯಿಗೆ ಬೀಗ ಬಿತ್ತು. ದಾವಣಗೆರೆ ಬಸ್ ಸ್ಟ್ಯಾಂಡ್ ಬರೋತನಕ ಅತ್ತುಕೊಂಡೇ ಬಂದಳು. ಈ ವರ್ಷ ಅದೇ ಶಾಲೆಯಿಂದ ಮತ್ತೆ ಕರೆ ಬಂತು.

“ಇದೂ ಕೈ ತಪ್ಪಿದ್ರೆ ಇನ್ನ ಕೆಲಸದ ಮಾತೇ ಎತ್ತಂಗಿಲ್ಲ ಅತ್ತೆ” ಅಂದಳು.

ಸುಮ್ಮನಿರೋಕಾಗುತ್ತಾ? ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲೇ ಇರೋ, ನೌಕರಿಯಿಂದ ನಿವೃತ್ತಿಯಾದ ಇಂಗ್ಲಿಷ್ ಟೀಚರಮ್ಮನನ್ನು ಕೈಮುಗಿದು ಕರೆತಂದೆ. ದಿನಾ ಮಧ್ಯಾಹ್ನ ಮೂರಕ್ಕೆ ಪಾಠ. ಪಕ್ಕದ ಮನೆಯ ಹೊಲಿಗೆ ಆಪಾ “ನಂದೂ ಒಂದು ಇರ್ಲಿ” ಅಂತ ಬಂದು ಕೂತಳು. ನಾನು ಮೊರದ ತುಂಬ ಮಂಡಕ್ಕಿ ಹಾಕಿಕೊಂಡು, ಹಸನು ಮಾಡೋ ನೆಪದಲ್ಲಿ ಬಾಗಿಲಿಗೆ ಒರಗಿ ಕೂತೆ.

ಒಂದೇ ಹಾಟ್

ಮೊದಲ ದಿನ ಟೀಚರಮ್ಮ, ಮನೆಯಲ್ಲಿ ಏನು ಮಾಡಿದೆ ಹೇಳು ಅಂದರು. ಸೊಸೆ ಧೈರ್ಯ ತಂದುಕೊಂಡು, “ಐ ಮೇಡ್ ಹಾಟ್ ಹಾಟ್ ಮಿರ್ಚಿ ಬಜ್ಜಿ, ಸ್ಮಾಲ್ ಸ್ಮಾಲ್” ಅಂದಳು.

“ಇಂಗ್ಲಿಷಿನಾಗೆ ಹಂಗೆ ಎರಡೆರಡು ಸಲ ಅನ್ನಬಾರದಮ್ಮ. ಒಂದೇ ಹಾಟ್ ಸಾಕು.”

ನನಗೆ ತಡೆಯಲಿಲ್ಲ. “ಅದ್ಹೆಂಗ್ರೀ ಸಾಕಾಗುತ್ತೆ? ನಮ್ಮಲ್ಲಿ ಬಿಸಿ ಬಿಸಿ ಅಂದ್ರೇನೇ ಬಿಸಿ. ಬರೀ ‘ಬಿಸಿ’ ಅಂದ್ರೆ ಆಗಲೇ ಅರ್ಧ ಆರೈತೆ ಅಂತ.”

ಟೀಚರಮ್ಮ ಒಪ್ಪಲಿಲ್ಲ. ಆಗಲಿ ಅಂತ ಮರುದಿನ ಚಹಾ ಸೋಸಿ, ಸ್ವಲ್ಪ ಹೊತ್ತು ಹಾಗೇ ಇಟ್ಟು ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಹಿಂಡಿದರು. “ಯಾಕ್ರೀ, ಚಹಾ ಆರೈತಲ್ಲ?”

“ಒಂದೇ ಹಾಟ್ ಹಾಕೀನ್ರಿ” ಅಂದೆ.

ಆತು ಆತು

ಹೊಲಿಗೆ ಆಪಾನ ಹತ್ತಿರ ಬ್ಯಾಂಕಿನ ಮೇಡಂ ಒಬ್ಬರು ಬ್ಲೌಸ್ ಹೊಲಿಯೋಕೆ ಕೊಟ್ಟಿದ್ದರು. ಪಾಪ, ಎಲ್ಲಿಂದಲೋ ವರ್ಗವಾಗಿ ಬಂದವರು, ಕನ್ನಡ ಬಾರದು. ಫೋನ್ ಮಾಡಿ ಬ್ಲೌಸ್ ಆಯಿತಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ಟೈಲರ್‌ಗಳು ಏನಂತಾರೆ? “ಆತು, ಆತು” ಅಂತಾರೆ. ಆಪಾ ಅದನ್ನೇ ಇಂಗ್ಲಿಷಿಗೆ ತಿರುಗಿಸಿದಳು. “ಫಿನಿಶ್ಡ್ ಮೇಡಂ, ಫಿನಿಶ್ಡ್!”

ಮೇಡಂ ಆಟೋ ಹಿಡಿದು ಬಂದೇಬಿಟ್ಟರು. ನೋಡಿದರೆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ! ಅವರು ಕೂಗಾಡಿದ್ದು ನನಗೆ ಅರ್ಥವಾಗಲಿಲ್ಲ, ಬೈಗುಳ ಅಂತ ಮಾತ್ರ ಗೊತ್ತಾಯಿತು. ಟೀಚರಮ್ಮನೇ ನಡುವೆ ಬಂದು ಸಮಾಧಾನ ಮಾಡಿ ಕಳಿಸಿದರು.

“ಅಲ್ಲಮ್ಮ, ಫಿನಿಶ್ಡ್ ಅಂದ್ರೆ ಮುಗಿದುಹೋಗೈತೆ ಅಂತ. ಯಾಕಂಗಂದೆ?”

“ಟೀಚರಮ್ಮ, ಆತು ಅಂದ್ರೆ ಆಗ್ತೈತೆ ಅಂತ್ರೀ. ಆಗಿದ್ರೆ ‘ಒಯ್ಯಿರಿ’ ಅಂತಿದ್ನಲ್ಲ?”

ಸರಿ, ಟೀಚರಮ್ಮ ಅವತ್ತೆಲ್ಲ ಆಗಿದ್ದು, ಆಗುತ್ತಿರೋದು, ಆಗೋದು ಅಂತ ಮೂರು ಕಾಲ ಬಿಡಿಸಿ ಬಿಡಿಸಿ ಹೇಳಿದರು. ಆಪಾ ಎಲ್ಲ ಕೇಳಿ, “ನಂಗೆ ‘ಐ ವಿಲ್ ಗಿವ್ ಟುಮಾರೊ’ ಒಂದು ಬಾಯಿಪಾಠ ಮಾಡಿಸ್ರಿ ಸಾಕು. ಉಳಿದ ಎರಡು ನಮ್ಮ ಧಂದೆಗೆ ಬ್ಯಾಡ” ಅಂದಳು.

ಟೀಚರಮ್ಮ ಕನ್ನಡಕ ತೆಗೆದರು. “ಯುಗಾದಿಗೆ ಅಂತ ನಾನು ಕೊಟ್ಟ ಬ್ಲೌಸ್ ಒಂದು ನಿನ್ನತ್ರಾನೇ ಐತೆ ನೋಡು. ಅದನ್ನಾದ್ರೂ ಪಾಸ್ಟ್ ಟೆನ್ಸ್‌ಗೆ ಹಾಕಿಕೊಡಮ್ಮ ತಾಯಿ!”

ಹೌದು, ಇಲ್ಲ

ಇನ್ನು ನನ್ನದು. ನಕ್ಕವರ ಹಲ್ಲೇ ಉದುರುತ್ತೆ ಅಂತಾರಲ್ಲ, ಹಾಗೇ ಆಯಿತು.

ಅದೇ ಬ್ಯಾಂಕಿನ ಮೇಡಂ ಆಮೇಲೆ ಬ್ಲೌಸ್ ಒಯ್ಯಲು ಬಂದಾಗ, ಅವತ್ತು ಕೂಗಾಡಿದ್ದಕ್ಕೆ ಬೇಜಾರಾಗಿ ಒಂದು ಡಬ್ಬಿ ಧಾರವಾಡ ಪೇಡೆ ತಂದಿದ್ದರು. ಡಬ್ಬಿ ನನ್ನ ಮುಂದೆ ಹಿಡಿದು, ನಗುತ್ತಾ, “ಅಜ್ಜಿ, ಯು ಡೋಂಟ್ ಹ್ಯಾವ್ ಶುಗರ್?” ಅಂದರು. ಡೋಂಟ್ ಅಂದರೆ ಇಲ್ಲ. ಶುಗರ್ ಅಂದರೆ ಸಕ್ಕರೆ ಕಾಯಿಲೆ. ಅಷ್ಟು ನನಗೂ ಬರುತ್ತೆ. ಶುಗರ್ ಇಲ್ವಾ ಅಂತ ಕೇಳ್ತಿದ್ದಾರೆ. ಹೌದು, ಇಲ್ಲ. ಎದೆಯುಬ್ಬಿಸಿ “ಯೆಸ್!” ಅಂದೆ.

ಮೇಡಂ ಮುಖ ಸಣ್ಣದು ಮಾಡಿಕೊಂಡು, “ಓ, ಸಾರಿ ಸಾರಿ” ಅಂತ ಡಬ್ಬಿ ಮುಚ್ಚಿ ಆಪಾನ ಕೈಗೆ ಕೊಟ್ಟು ಹೋದರು.

ಟೀಚರಮ್ಮ ಆಮೇಲೆ ತಿಳಿಸಿದರು. ಇಂಗ್ಲಿಷಿನವರಿಗೆ ‘ಹೌದು, ಇಲ್ಲ’ ಅನ್ನೋದು ಇಲ್ಲವಂತೆ. ಯೆಸ್ ಅಂದರೆ ಐತೆ ಅಂತಲೇ ಲೆಕ್ಕ. ನೋ ಅನ್ನಬೇಕಿತ್ತಂತೆ.

ಆಪಾ ಒಂದು ಪೇಡೆ ಬಾಯಿಗೆ ಹಾಕಿಕೊಂಡು, “ಅಮ್ಮಾ, ಡು ಯು ವಾಂಟ್?” ಅಂತ ಕೇಳಿದಳು. ಈ ಸಲ ತಪ್ಪಬಾರದು ಅಂತ ಹುಷಾರಾಗಿ, “ನೋ” ಅಂದೆ. ಅದೂ ಹೋಯಿತು!

ಅತ್ತೆ ಬಹುವಚನ

ಇಷ್ಟರಲ್ಲಿ ಸೊಸೆ ಎಲ್ಲದರಲ್ಲೂ ಪರವಾಗಿಲ್ಲ ಅನ್ನೋ ಹಾಗಾದಳು. ಒಂದರಲ್ಲಿ ಮಾತ್ರ ಬಗ್ಗಲಿಲ್ಲ. ಮನೆಯವರ ಬಗ್ಗೆ ಹೇಳು ಅಂದರೆ, “ಮೈ ಮದರ್ ಇನ್ ಲಾ ಆರ್ ಎ ಗುಡ್ ಕುಕ್” ಅನ್ನೋಳು.

“ಒಬ್ಬರಿಗೆ ಈಸ್, ಬಾಳ ಜನಕ್ಕೆ ಆರ್. ನಿನಗೆ ಅತ್ತೆ ಒಬ್ಬರೇ ಅಲ್ಲೇನಮ್ಮ?”

“ಒಬ್ಬರೇ ರೀ. ಆದ್ರೆ ಬೆಕ್ಕಿಗೂ ಈಸ್, ಅತ್ತೆಗೂ ಈಸ್ ಅಂದ್ರೆ ಹೆಂಗ್ರೀ? ಅತ್ತೆಗೆ ಏಕವಚನ ಹಚ್ಚಿದ್ದು ನಮ್ಮವ್ವಗೆ ಗೊತ್ತಾದ್ರೆ ಭಾನುವಳ್ಳಿಯಿಂದ ಫಸ್ಟ್ ಬಸ್ಸಿಗೇ ಬರ್ತಾಳೆ.”

“ಅನ್ನವ್ವ, ಈಸ್ ಅನ್ನು. ನಾನೇನು ಸವೆಯಂಗಿಲ್ಲ” ಅಂತ ನಾನೇ ಅಪ್ಪಣೆ ಕೊಟ್ಟೆ. ಅಂದಳು. ಆದರೆ ಒಂದೊಂದು ಈಸ್‌ಗೂ ನನ್ನ ಕಡೆ ತಿರುಗಿ, “ತಪ್ಪು ತಿಳ್ಕೋಬ್ಯಾಡ್ರಿ ಅತ್ತೆ” ಅನ್ನೋಳು.

ಆ ದಿನ ಬಂತು. ಅವಳ ಜೊತೆ ನಾನೂ ಹರಿಹರಕ್ಕೆ ಹೋದೆ. ದೊಡ್ಡ ಮೇಡಂ ಕೋಣೆಯ ಹೊರಗೆ ಬೆಂಚು, ಬಾಗಿಲಿಗೆ ಬರೀ ಪರದೆ. ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಹೆಸರು, ಊರು, ಓದು, ಮನೆಯಲ್ಲೊಬ್ಬಳು ಪುಟ್ಟ ಮಗಳಿರೋದು, ಎಲ್ಲ ಸರಾಗವಾಗಿ ಹೇಳಿದಳು. ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಆಗ ಮೇಡಂ, ನಿನ್ನ ಮಗಳು ಇನ್ನೂ ಸಣ್ಣವಳಲ್ವಾ, ಯಾರು ನೋಡಿಕೊಳ್ತಾರೆ ಅನ್ನೋ ಹಾಗೆ ಕೇಳಿದರು.

“ಮೈ ಮದರ್ ಇನ್ ಲಾ ಆರ್ ದೇರ್ ಮೇಡಂ.”

ಅಯ್ಯೋ, ಮರ್ಯಾದೆ ಕೊಟ್ಟು ಕೆಟ್ಟಳಲ್ಲಪ್ಪಾ ಅಂತ ಹಣೆ ಹಣೆ ಬಡಿದುಕೊಂಡೆ.

“ಆರ್? ಹೌ ಮೆನಿ ಮದರ್ಸ್ ಇನ್ ಲಾ ಡು ಯು ಹ್ಯಾವ್?”

ಹೋದ ವರ್ಷದ ಬೀಗ ಮತ್ತೆ ಬಿತ್ತು ಅಂದುಕೊಂಡೆ. ಆಮೇಲೆ ನಮ್ಮ ಹುಡುಗಿಯ ದನಿ ಬಂತು.

“ಒನ್ ಓನ್ಲಿ ಮೇಡಂ. ಬಟ್ ಶೀ ಆರ್ ಇನಫ್.”

ಒಳಗೆ ನಗು ಸಿಡಿಯಿತು ನೋಡಿ! ಚಹಾ ಒಯ್ಯುತ್ತಿದ್ದ ಆಯಾ ತಟ್ಟೆ ಹಿಡಿದುಕೊಂಡೇ ನಕ್ಕಳು. ದೊಡ್ಡ ಮೇಡಂ ಕಣ್ಣು ಒರೆಸಿಕೊಳ್ಳುತ್ತಾ ಪರದೆ ಸರಿಸಿ ಹೊರಗೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅತ್ತೆ ನೀವೇ ಏನ್ರೀ? ನಿಮ್ಮ ಸೊಸೆಗೆ ಗ್ರಾಮರ್ ನಾನು ಕಲಿಸ್ಕೋತೀನಿ. ಹಿಂಗೆ ನಗಿಸೋದನ್ನ ಯಾರಿಂದ್ಲೂ ಕಲಿಸೋಕಾಗಲ್ಲ. ಸೋಮವಾರದಿಂದ ಕಳಿಸ್ರಿ.”

ಬಸ್ಸಿನಲ್ಲಿ ಸೊಸೆಗೆ ಅಳುವೂ ನಗುವೂ ಒಟ್ಟಿಗೇ. ಈ ಸಲ ನಾನೂ ಜೊತೆಗೂಡಿದೆ. ಆದರೆ ಒಂದು ಮಾತು ಮಾತ್ರ ತಲೆಯಲ್ಲಿ ಕೊರೀತಾನೇ ಇತ್ತು.

“ಅದೇನವ್ವ ಕೊನೆಗಂದಿದ್ದು, ಇನಫ್ ಅಂದ್ರೆ?”

“ಸಾಕು ಅಂತ ಅತ್ತೆ.”

“ಸಾಕು ಅಂದ್ರೆ... ‘ನಮ್ಮ ಅತ್ತೆ ಒಬ್ಬರಿದ್ರೆ ಸಾಕು’ ಅಂತಾನೋ, ‘ನಮ್ಮ ಅತ್ತೆ ಸಹವಾಸ ಸಾಕು’ ಅಂತಾನೋ?”

ಸೊಸೆ ಸೆರಗು ಸರಿಮಾಡಿಕೊಂಡು, ಕಿಟಕಿ ಕಡೆ ಮುಖ ತಿರುಗಿಸಿ ಹೇಳಿದಳು:

“ಇಂಗ್ಲಿಷಿನಾಗೆ ಎರಡಕ್ಕೂ ಒಂದೇ ಮಾತು ಅತ್ತೆ.”