ಕಾಕಾನ ಕೊರಳ ಪಟ್ಟಿ

ನಮ್ಮ ಕಾಕಾ ಕೆಲವು ದಿನ ಅಧಿಕೃತವಾಗಿ ಎಮ್ಮೆಯಾಗಿದ್ದರು. ನಗಬೇಡಿ, ಇದಕ್ಕೆ ಕಂಪ್ಯೂಟರಿನ ಸಾಕ್ಷ್ಯವಿದೆ!

ದುಬಲಗುಂಡಿಯಲ್ಲಿ ಕಾಕಾ ಸಾಕಿರುವುದು ಒಂದೇ ಎಮ್ಮೆ. ಆದರೆ ಅದಕ್ಕೆ ಸಲ್ಲುವ ಮರ್ಯಾದೆ ನಮ್ಮ ಮನೆತನದ ಯಾವ ಅಳಿಯನಿಗೂ ಸಂದಿಲ್ಲ. ಅದಕ್ಕೆ ಕೊಡುವುದನ್ನೆಲ್ಲ ಮೊದಲು ತಮ್ಮ ಮೇಲೆ ಪ್ರಯೋಗಿಸುವುದು ಕಾಕಾನ ವ್ರತ. ಹೊಸ ಹಿಂಡಿ ತಂದರೆ ಮೊದಲ ತುತ್ತು ಅವರದು. ಒಮ್ಮೆ ಜಂತುಹುಳದ ಔಷಧವನ್ನೂ ಒಂದು ಚಮಚ ಸವಿದು, ಮರುದಿನವೆಲ್ಲ ಹಿತ್ತಲಲ್ಲೇ ವಾಸವಾಗಿದ್ದರು.

"ಅದಕ್ಕ ಬಾಯಿಲ್ಲ ತಮ್ಮಾ. ಕಹಿ ಅದ ಅಂತ ಹೇಳಾಕ ಯಾರರ ಒಬ್ರು ಬೇಕಲ್ಲ?" ಎಂದು ಅವರ ವಾದ.

"ಎಮ್ಮಿ ಹುಳ ಹೋದ್ವೋ ಇಲ್ಲೋ, ಇವರವಂತೂ ಹೋದವು" ಎಂದು ಅವರ ಹೆಂಡತಿ, ನಮ್ಮ ಕಾಕುವಿನ ತೀರ್ಪು.

ಇಂಥವರ ಮನೆಗೆ ಹಾಲಿನ ಡೇರಿಯವರು ಎಮ್ಮೆಯ ಕೊರಳಿಗೆ ಕಟ್ಟುವ ಎಲೆಕ್ಟ್ರಾನಿಕ್ ಪಟ್ಟಿಯೊಂದನ್ನು ತಂದುಕೊಟ್ಟರು. ತಿಂದದ್ದು, ಮೆಲುಕು ಹಾಕಿದ್ದು, ಮಲಗಿ ಎದ್ದದ್ದು ಎಲ್ಲವನ್ನೂ ಅದು ಅಳೆದು ಕ್ಲೌಡಿಗೆ, ಅಂದರೆ ಎಲ್ಲೋ ದೂರದ ಕಂಪ್ಯೂಟರಿಗೆ, ಕಳಿಸುತ್ತದಂತೆ. ಕ್ಲೌಡು ವಿಚಾರ ಮಾಡಿ ಎಮ್ಮೆಯ ಯೋಗಕ್ಷೇಮವನ್ನು ಫೋನಿಗೆ ತಿಳಿಸುತ್ತದಂತೆ. ಕಾಕಾನದು ಗುಂಡಿ ಒತ್ತುವ ಹಳೆಯ ಫೋನು. ಹಾಗಾಗಿ ಬಸವಕಲ್ಯಾಣದಲ್ಲಿರುವ ನನ್ನ ನಂಬರು ಕೊಟ್ಟರು. ಡೇರಿಯವರು ಹೊಸ್ತಿಲು ದಾಟಿದ್ದೇ ತಡ, ಪಟ್ಟಿ ಕಾಕಾನ ಕೊರಳೇರಿತು. ತುರಿಕೆ ಬರುತ್ತದೋ ಇಲ್ಲವೋ ನೋಡಬೇಡವೇ?

ಕಾಕಾ ಅಡಿಕೆ ಜಗಿಯುವವರು. ಎದ್ದಾಗಿನಿಂದ ಮಲಗುವವರೆಗೆ ಅವರ ದವಡೆಗೆ ರಜೆಯಿಲ್ಲ. ಕ್ಲೌಡಿಗೆ ಇನ್ನೇನು ಬೇಕು! "ಮೆಲುಕು ಅತ್ಯುತ್ತಮ. ಪ್ರಾಣಿ ಆರೋಗ್ಯವಾಗಿದೆ" ಎಂದು ನನಗೆ ನಿತ್ಯ ಪ್ರಶಸ್ತಿಪತ್ರ ಬರತೊಡಗಿತು. ಫೋನಿನಲ್ಲಿ ಓದಿ ಹೇಳಿದೆ.

"ಮಷಿನ್ ಖರೇನೇ ಹೇಳತದ" ಎಂದು ಕಾಕಾ ಗಂಭೀರವಾಗಿ ಒಪ್ಪಿದರು. ಎಮ್ಮೆಗೆ ಯಾವಾಗ ಕಟ್ಟುತ್ತೀರಿ ಎಂದರೆ, ಇನ್ನೊಂದೀಟು ದಿನ ನೋಡುತ್ತಾರಂತೆ.

ಅಷ್ಟರಲ್ಲಿ ಕಾಕುವಿನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ನಿಗೆಂದು ಹುಮನಾಬಾದಿನ ಆಸ್ಪತ್ರೆಗೆ ಸೇರಿಸಿದೆವು. ನನ್ನ ಹೆಂಡತಿ ಜೊತೆಗಿದ್ದಳು. ಕಾಕಾ ಮಾತ್ರ ಬರಲಿಲ್ಲ. ಎಮ್ಮೆ ಬೇರೆಯವರ ಕೈಗೆ ಹಾಲು ಕೊಡುವುದಿಲ್ಲವಂತೆ!

"ನನಗೇನ್ ಚಿಂತಿ? ಡಾಕ್ಟರ್ ಅದಾರ, ನೀ ಇದ್ದಿ" ಎಂದರು.

ಎಂಥ ಕಲ್ಲೆದೆ ಎಂದು ಓಣಿಯವರು ಮಾತಾಡಿಕೊಂಡರು. ನಾನೂ ಇಲ್ಲವೆನ್ನಲಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಫೋನಿಗೆ ಸಂದೇಶ ಬಂತು: "ಎಚ್ಚರಿಕೆ. ಪ್ರಾಣಿ ನಿನ್ನೆಯಿಂದ ತಿಂದಿಲ್ಲ. ಮೆಲುಕು ನಿಂತಿದೆ. ಮಲಗದೆ ತಿರುಗಾಡುತ್ತಿದೆ. ಜೊತೆಯ ಪ್ರಾಣಿಯಿಂದ ಅಗಲಿಸಿದ್ದರೆ ಕೂಡಲೇ ಸೇರಿಸಿ."

ಎಮ್ಮೆಗೇನಾಯಿತಪ್ಪಾ ಎಂದು ಗಾಬರಿಯಾದೆ. ಆಮೇಲೆ, ಪಟ್ಟಿ ಯಾರ ಕೊರಳಲ್ಲಿದೆ ಎಂಬುದು ನೆನಪಾಯಿತು.

ಬೈಕು ಹತ್ತಿ ದುಬಲಗುಂಡಿಗೆ ಹೋದೆ. ಎಮ್ಮೆ ನಿಶ್ಚಿಂತೆಯಿಂದ ಮೇಯುತ್ತಿತ್ತು. ಕಾಕಾ ಅದರ ಸುತ್ತ ತಿರುಗುತ್ತಿದ್ದರು. "ನಡೀರಿ ಕಾಕಾ" ಎಂದೆ. ಜಗತ್ತಿನಲ್ಲಿ ಯಾರಿಗೂ ಹಾಲು ಕೊಡದ ಆ ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹಿಂದೆ ಕೂತರು.

ಆಪರೇಷನ್ ಸಸೂತ್ರವಾಯಿತು. ಸಂಜೆ ಕಾಕು ಕಣ್ಣು ಬಿಟ್ಟು ಮೊದಲು ನೋಡಿದ್ದು ಗಂಡನ ಕೊರಳನ್ನು.

"ಎಮ್ಮಿಗಿ ಇನ್ನಾ ಕಟ್ಟಿಲ್ಲೇನ್ರಿ?"

"ನೋಡಾಕತ್ತೀನಿ."

"ಉಂಡೀರಿ?"

ಕಾಕಾ ಗೋಡೆಯ ಕಡೆ ತಿರುಗಿದರು. ಕಾಕು ನನ್ನ ಹೆಂಡತಿಗೆ ಸನ್ನೆ ಮಾಡಿದರು. ಅವಳು ತನ್ನ ಡಬ್ಬಿಯ ರೊಟ್ಟಿ ಮುಂದಿಟ್ಟಳು, ಆಮೇಲೆ ಕಾಕುವಿನ ಸಂಚಿಯಿಂದ ಒಂದು ಹೋಳು ಅಡಿಕೆ ಕೊಟ್ಟಳು.

ಸ್ವಲ್ಪ ಹೊತ್ತಿಗೆ ನನ್ನ ಫೋನು ಸದ್ದು ಮಾಡಿತು. ಈ ಸಲ ಕಾಕಾಗೆ ಓದಿ ಹೇಳಲಿಲ್ಲ. ಕಾಕುವಿನ ಕಿವಿಯ ಬಳಿ ಬಗ್ಗಿ ಮೆಲ್ಲಗೆ ಓದಿದೆ:

"ಮೆಲುಕು ಮರಳಿದೆ. ಪ್ರಾಣಿ ಶಾಂತವಾಗಿದೆ."