ಎರಡು ಬೆರಳು ದಪ್ಪದ ಪುಸ್ತಕ

ಕೆಲವರಿಗೆ ಪುಸ್ತಕ ಕಂಡರೆ ಓದಬೇಕೆನಿಸುತ್ತದೆ, ಕೆಲವರಿಗೆ ನಿದ್ದೆ ಬರುತ್ತದೆ. ಕಾಲೇಜಿನ ಗ್ರಂಥಪಾಲಕಿಯಾದ ನನಗೆ ಎರಡು ಸಾವಿರದ ಆರರಲ್ಲಿ ಒಂದು ಪುಸ್ತಕದ ಮೇಲೆ ಹತ್ತಿ ನಿಲ್ಲಬೇಕೆನಿಸಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಅಂಕೋಲೆಯ ನಮ್ಮ ಕಾಲೇಜಿನಲ್ಲಿ ಆ ವರ್ಷ ಅಪರಾಧಶಾಸ್ತ್ರದ ಪಾಠ ಹೊಸದಾಗಿ ಶುರುವಾಗಿತ್ತು. ಕಾರವಾರದ ಅಂಗಡಿಯವರು ಎರಡು ಪುಸ್ತಕ ಕಳಿಸಿದ್ದರು. ಒಂದನ್ನಿಟ್ಟುಕೊಂಡು ಇನ್ನೊಂದನ್ನು ಕಾರಣ ಬರೆದು ಹಿಂತಿರುಗಿಸಬೇಕು. ನ್ಯಾಯ ವ್ಯವಸ್ಥೆಯದು ತೆಳ್ಳಗಿತ್ತು. ಪೊಲೀಸ್ ಆಡಳಿತದ್ದು ಸರಿಯಾಗಿ ಎರಡು ಬೆರಳು ದಪ್ಪ. ಆ ಎರಡು ಬೆರಳೇ ನನ್ನ ಕಷ್ಟ.

ಯಾಕೆಂದರೆ ನಾನು ಪಿಎಸ್‌ಐ ಆಗಬೇಕೆಂದಿದ್ದವಳು. ಅವ್ವ ಕೇಣಿಯ ಕಡಲದಂಡೆಯಿಂದ ಮೀನಿನ ಬುಟ್ಟಿ ಹೊತ್ತು ಊರೆಲ್ಲ ತಿರುಗಿದರೂ ನನ್ನ ತಲೆಯ ಮೇಲೆ ಒಂದು ದಿನವೂ ಬುಟ್ಟಿ ಇಡಲಿಲ್ಲ. "ಹೊತ್ರೆ ಗಿಡ್ಡ ಆಗ್ತೆ, ಪೊಲೀಸರು ತಕಳೂದಿಲ್ಲ" ಎನ್ನುತ್ತಿದ್ದಳು. ಎಷ್ಟು ಎತ್ತರವಾಗಬೇಕೆಂದು ಬಾಗಿಲ ಚೌಕಟ್ಟಿನ ಮೇಲೆ ಇದ್ದಿಲಿನ ಗೆರೆಯನ್ನೂ ಎಳೆದಿದ್ದಳು. ಇಷ್ಟೆಲ್ಲ ಮಾಡಿಯೂ ಕಾರವಾರದ ಮೈದಾನದಲ್ಲಿ ಅಳತೆಗೆ ನಿಂತಾಗ ಎರಡು ಬೆರಳು ಸಾಲಲಿಲ್ಲ. ಹಾಳೆಯ ಮೇಲೆ "ಅಳತೆ ಕಮ್ಮಿ" ಎಂದು ಬರೆದರು. ಆಮೇಲೆ ವಯಸ್ಸೂ ಮೀರಿತು. ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಖಾಕಿ ತೊಟ್ಟ ಹೆಣ್ಣುಮಗಳು ಕಂಡರೆ ನಾನು ಮೊದಲು ನೋಡುವುದು ಅವಳ ಬೂಟಿನ ಹಿಮ್ಮಡಿ. ಅದು ಎತ್ತರವಿಲ್ಲದಿದ್ದರೆ, ಅವಳ ಎತ್ತರ ನಿಜದ್ದೇ ಎಂದು ಇಡೀ ದಿನ ಮನಸ್ಸು ಹಾಳು.

ಎರಡೂ ಪುಸ್ತಕ ಮನೆಗೆ ತಂದೆ. ದಪ್ಪದ್ದನ್ನು ನೆಲಕ್ಕಿಟ್ಟು, ಮೇಲೆ ಹತ್ತಿ, ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತೆ. ತಲೆ ಗೆರೆಗೆ ಸರಿಯಾಗಿ ಮುಟ್ಟಿತು! ಅಷ್ಟರಲ್ಲಿ ಅವ್ವ ಬಂದಳು.

"ಸರಸ್ವತಿ ಮೇಲೆ ಕಾಲಿಡ್ತ್ಯನೆ? ಇಳಿ!"

ಇಳಿದು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಯಾವುದನ್ನಿಟ್ಟುಕೊಳ್ಳಲಿ ಎಂದು ಅವಳನ್ನೇ ಕೇಳಿದೆ. ಅಕ್ಷರ ಬಾರದ ಅವ್ವ, ಮೀನು ಆರಿಸುವವಳ ಹಾಗೆ, "ಕಿವಿರು ಎತ್ತಿ ನೋಡು, ತಾಜಾ ಯಾವ್ದು ಗೊತ್ತಾಗ್ತದೆ" ಎಂದಳು. ರಟ್ಟು ಎತ್ತಿದೆ. ತೆಳ್ಳಗಿನದು ಆ ವರ್ಷದ್ದೇ. ದಪ್ಪದ್ದು ಎಷ್ಟೋ ಕಾನೂನು ಬದಲಾಗುವುದಕ್ಕೆ ಮೊದಲಿನದು.

"ಹಾಂಗಾರೆ ಕೆಟ್ಟದ್ದನ್ನ ಮಕ್ಕಳಿಗೆ ಹಾಕ್ತ್ಯನೆ?" ಎಂದವಳು ಗೆರೆಯನ್ನೊಮ್ಮೆ ಸವರಿ, "ನಾ ಬುಟ್ಟಿ ಹೊರಿಸ್ದೇ ಇದ್ದದ್ದೂ ಸುಮ್ನೆ ಆಯ್ತು ನೋಡು" ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ದಪ್ಪ ಪುಸ್ತಕವನ್ನು ಕಟ್ಟಿ, ಕಾರಣ ಬರೆದು, ಸಹಿಗೆ ಕಳಿಸಿದೆ. ಪ್ರಿನ್ಸಿಪಾಲರು ಕರೆಸಿದರು.

"ಏನಮ್ಮಾ ಇದು? ಇಷ್ಟು ದಪ್ಪ ಪುಸ್ತಕಕ್ಕೆ 'ಅಳತೆ ಕಮ್ಮಿ' ಅಂತ ಬರೆದಿದ್ದೀರಿ!"

ಅದು ನನ್ನದು; ಮೈದಾನದ ಹಾಳೆಯಿಂದ ಕೈತಪ್ಪಿ ಬಂದಿತ್ತು. ಅದನ್ನು ಹೊಡೆದುಹಾಕಿ "ಹಳೆಯ ಆವೃತ್ತಿ" ಎಂದು ತಿದ್ದಿದೆ. ನೋಡಿದರೆ ಅದೂ ನನ್ನದೇ.